ದಾಸೋಹದಿಂದ ಪಿಂಚಣಿಯವರೆಗೆ

ಮುಪ್ಪಿನ ಆರೈಕೆ ಹಿಂದೆ ಪೂರ್ತಿ ಮನೆಯ ಹೊಣೆಯಾಗಿತ್ತು, ಈಗ ಸರ್ಕಾರದ ಮೇಲೆ ಬಿತ್ತು ಎನ್ನುವ ಮಾತನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಚರಿತ್ರೆ ಒಪ್ಪುವುದಿಲ್ಲ. ಮಳೆ ನಂಬಿದ ಈ ಎರೆಭೂಮಿಯಲ್ಲಿ ಜೋಳ ಕೈಕೊಟ್ಟ ವರ್ಷ ಮನೆಯೇ ಚದುರುತ್ತಿತ್ತು; ದುಡಿಯುವವರು ಗುಳೆ ಹೋದರೆ ನಡೆಯಲಾರದ ಹಿರಿಯರು ಊರಲ್ಲೇ ಉಳಿಯುತ್ತಿದ್ದರು. ಅವರ ರೊಟ್ಟಿಗೆ ಹೊಸ್ತಿಲಾಚೆಯ ಆಸರೆಯೂ ಬೇಕಿತ್ತು. ಹಳೆಯ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 18ನೇ ಶತಮಾನದಲ್ಲಿ ಹುಟ್ಟಿದ ಶರಣಬಸವೇಶ್ವರರು ದುಡಿದು ಬೆಳೆದದ್ದನ್ನು ದಾಸೋಹಕ್ಕೆ ತೆರೆದರು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ದತ್ತನ ಹೆಸರಿನ ಮಧುಕರಿ ಭಿಕ್ಷೆ ಇಂದಿಗೂ ನಡೆಯುತ್ತದೆ. ಅಲ್ಲಿ ಬೇಡುವುದು ವ್ರತ, ಅವಮಾನವಲ್ಲ. ಇವು ಮುದುಕರಿಗೆಂದೇ ಹುಟ್ಟಿದವಲ್ಲ, ನಿಜ. ಆದರೆ ಮಗನಿದ್ದಾನೆಯೇ ಎಂದು ಕೇಳದೆ ಬಡಿಸುವ ಪಂಕ್ತಿ ದುಡಿಯುವ ಶಕ್ತಿ ಕುಂದಿದವರಿಗೇ ಹೆಚ್ಚು ಆಧಾರ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ತಿಂಗಳಿಗೆ 75 ರೂಪಾಯಿಯ ವೃದ್ಧಾಪ್ಯ ವೇತನ ತಂದಿತು; 2007ರಲ್ಲಿ ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ ಬಂತು. ಇದರಿಂದ ಮಕ್ಕಳು ಹೊಣೆ ಮರೆಯುತ್ತಾರೆ ಎಂಬ ಆಕ್ಷೇಪವಿದೆ. ಆದರೆ ಪಿಂಚಣಿಯ ಸಣ್ಣ ಮೊತ್ತದಿಂದ ಯಾವ ಸಂಸಾರವೂ ನಡೆಯದು. ಮಾತ್ರೆಗೂ ಚಹಾಪುಡಿಗೂ ಸೊಸೆಯ ಮುಂದೆ ಕೈಚಾಚುವ ಸಂಕಟವಷ್ಟೇ ತಗ್ಗುತ್ತದೆ. ಮೇಲಾಗಿ 2007ರ ಪಾಲಕರ ಪೋಷಣೆ ಕಾಯ್ದೆ ಮಕ್ಕಳ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಿತು. ನನ್ನ ತಕರಾರು ಬೇರೆ. ದಾಸೋಹವಾಗಲಿ ಪಿಂಚಣಿಯಾಗಲಿ ಹಾಸಿಗೆ ಹಿಡಿದವರ ಮೈ ಒರೆಸುವುದಿಲ್ಲ. ಆ ದುಡಿಮೆ ಅಂದಿನಿಂದಲೂ ಸೊಸೆ, ಮಗಳು, ಹೆಂಡತಿಯರದು. ಅವರ ಕೂಲಿ ತಪ್ಪಿದ ದಿನಗಳಿಗೆ ಮಠದ ಲೆಕ್ಕದಲ್ಲೂ ಖಜಾನೆಯ ಲೆಕ್ಕದಲ್ಲೂ ಜಾಗವಿಲ್ಲ.