ಫಸ್ಟ್ ಬಂದವನು ಮುಗಿಸಿದ ಮೇಲಿನ ನಾಲ್ಕೂವರೆ ಕಿಲೋಮೀಟರ್

1/8
ನಮ್ಮೂರ 5ಕೆ ಓಟಕ್ಕೆ ಹೆಸರು ಕೊಟ್ಟಿದ್ದೀನಿ ಅಂತ ಸ್ಟೋರಿ ಹಾಕಿದ ಮೇಲೆ ನಿಮ್ಮಲ್ಲಿ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಲಾಸ್ಟ್ ಬಂದ್ರೆ ಏನ್ ಮಾಡ್ತೀಯಾ?"

ನಿಜ ಹೇಳ್ತೀನಿ. ಹೋದ ವರ್ಷ ಇದೇ ಪ್ರಶ್ನೆಗೆ ಹೆದರಿ, ಹೆಸರು ಕೊಟ್ಟೂ ನಾನು ಹೋಗಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಶೂ ಹಾಕಿಕೊಂಡು, ಬಾಗಿಲ ಹತ್ತಿರ ಹತ್ತು ನಿಮಿಷ ಕೂತು, ಮತ್ತೆ ಬಿಚ್ಚಿಟ್ಟು ಮಲಗಿದೆ. ಹೈಸ್ಕೂಲಿನ ಓಟದಲ್ಲಿ ಲಾಸ್ಟ್ ಬಂದಾಗ ಎಲ್ಲರೂ ಹೊಡೆದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಅದು ಮೆಚ್ಚುಗೆಯ ಚಪ್ಪಾಳೆ ಅಲ್ಲ ಅಂತ ನಿಮಗೂ ಗೊತ್ತಲ್ವಾ?

ಈ ಸಲ ಕಾಲಿಗೆ ತಯಾರಿ ಕೊಡುವ ಜೊತೆಗೆ ಓಟದ ಇತಿಹಾಸವನ್ನೂ ಓದಿದೆ. ಗೆದ್ದವರದ್ದಲ್ಲ, ಅವರ ಹಿಂದೆ ಬಂದವರದ್ದು. ಅದನ್ನೇ ನಿಮಗೆ ಹೇಳ್ತೀನಿ, ಕೊನೆವರೆಗೂ ಓದಿ.

2/8
ಮೊದಲು ನಮ್ಮ ಮೈಸೂರಿನಿಂದಲೇ ಶುರು ಮಾಡೋಣ.

17ನೇ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ರಾಜ್ಯದಲ್ಲಿ ಅಂಚೆ ವ್ಯವಸ್ಥೆ ತಂದರು. ಬಸ್ಸಿಲ್ಲ, ರೈಲಿಲ್ಲ. ಕಾಗದ ಹೋಗುತ್ತಿದ್ದದ್ದು ಓಟಗಾರರ ಕಾಲಿನ ಮೇಲೆ. ಒಬ್ಬ ತನ್ನ ಪಾಲಿನ ದಾರಿ ಓಡಿ ಚೀಲವನ್ನು ಮುಂದಿನವನ ಕೈಗೆ ಕೊಡಬೇಕು, ಅವನು ಅಲ್ಲಿಂದ ಮುಂದಕ್ಕೆ. 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯ ಜೊತೆ ಸೇರುವವರೆಗೂ ಮೈಸೂರು ಅಂಚೆ ಬೇರೆಯಾಗಿಯೇ ಇತ್ತು. ಇವತ್ತಿಗೂ ನಾವು ಪೋಸ್ಟ್ ಆಫೀಸಿಗೆ ಅಂಚೆ ಕಚೇರಿ ಅಂತೀವಿ, ನೋಡಿ.

ಈಗ ಯೋಚನೆ ಮಾಡಿ. ಆ ಕೆಲಸಕ್ಕೆ ನೂರು ಮೀಟರ್ ಶೂರನಿಂದ ಏನು ಪ್ರಯೋಜನ? ಇವತ್ತೂ ಓಡಬೇಕು, ನಾಳೆಯೂ ಓಡಬೇಕು, ಮಳೆಯಲ್ಲೂ ಓಡಬೇಕು. ಉಸಿರು ಉಳಿಸಿಕೊಂಡು ಒಂದೇ ಸಮನೆ ಹೋಗುವವನೇ ಬೇಕು. ಅಲ್ಲಿ ಯಾರು ಫಸ್ಟ್ ಅನ್ನೋದು ಪ್ರಶ್ನೆಯೇ ಅಲ್ಲ. ಚೀಲ ತಲುಪಿತಾ ಇಲ್ವಾ, ಅಷ್ಟೇ.

3/8
ಈಗ ಬೆಳಗಾವಿ ಕಡೆ ಬನ್ನಿ.

ಫಡೆಪ್ಪ ದರೆಪ್ಪ ಚೌಗುಲೆ. ಈ ಹೆಸರು ನಾನು ಯಾವ ಪಾಠದಲ್ಲೂ ಓದಿರಲಿಲ್ಲ, ನೀವು ಓದಿದ್ದೀರಾ? ಬೆಳಗಾವಿ ಜಿಲ್ಲೆಯವರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡಿದ್ದನ್ನು ದೊರಾಬ್ಜಿ ಟಾಟಾ ನೋಡಿದರು. ಇವರನ್ನು ಒಲಿಂಪಿಕ್ಸಿಗೆ ಯಾಕೆ ಕಳಿಸಬಾರದು ಅಂತ ಅವರಿಗೆ ಅನಿಸಿತು. ಮರುವರ್ಷ ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸಿಗೆ ಹೊರಟ ಸಣ್ಣ ಭಾರತ ತಂಡದಲ್ಲಿ ಚೌಗುಲೆ ಇದ್ದರು.

1920ರ ಆಗಸ್ಟ್ 22, ಮ್ಯಾರಥಾನ್. ಆ ಸಲದ ದೂರ 42.75 ಕಿ.ಮೀ., ಈಗಿನ 42.195ಕ್ಕಿಂತ ಜಾಸ್ತಿ. ಕೆ.ಆರ್. ನಗರದಿಂದ ಮೈಸೂರಿಗೆ ನಾವು ಬಸ್ಸಲ್ಲಿ ಹೋಗ್ತೀವಲ್ಲ, ಹೆಚ್ಚು ಕಡಿಮೆ ಅಷ್ಟು. ಹೊರಟವರು 48 ಜನ. ಹತ್ತಕ್ಕೂ ಹೆಚ್ಚು ಜನ ಮಧ್ಯದಲ್ಲೇ ನಿಂತರು. ನಮ್ಮ ದೇಶದ ಇನ್ನೊಬ್ಬ ಓಟಗಾರ ಸದಾಶಿವ ದಾತಾರ್ ಕೂಡ ಪೂರ್ತಿ ಮಾಡಲಾಗಲಿಲ್ಲ. ಚೌಗುಲೆ ಮಾಡಿದರು. 2 ಗಂಟೆ 50 ನಿಮಿಷ 45 ಸೆಕೆಂಡ್. 19ನೇ ಸ್ಥಾನ.

4/8
ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನನಗೆ ತುಂಬಾ ಇಷ್ಟವಾದ ಲೆಕ್ಕ ಇದು.

ಗೆದ್ದ ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ ತೆಗೆದುಕೊಂಡ ಸಮಯ 2 ಗಂಟೆ 32 ನಿಮಿಷ 35 ಸೆಕೆಂಡ್. ಅಂದ್ರೆ ಚೌಗುಲೆ ಅವರಿಗಿಂತ 18 ನಿಮಿಷ ಮೊದಲು. ಚೌಗುಲೆ ಸರಾಸರಿ ಕಿಲೋಮೀಟರಿಗೆ 4 ನಿಮಿಷದಲ್ಲಿ ಓಡಿದ್ದರು. ನಾನು 9 ನಿಮಿಷ ತಗೊಳ್ತೀನಿ, ಹಾಗಾಗಿ ಅವರನ್ನು ನಿಧಾನ ಅನ್ನೋಕೆ ನನಗೆ ಬಾಯಿಲ್ಲ. ಆದರೆ ಆ ಸರಾಸರಿಯಲ್ಲಿ ನೋಡಿದ್ರೆ, ಫಸ್ಟ್ ಬಂದವನು ಗೆರೆ ದಾಟುವ ಹೊತ್ತಿಗೆ ಇವರಿಗೆ ಇನ್ನೂ ಸುಮಾರು ನಾಲ್ಕೂವರೆ ಕಿಲೋಮೀಟರ್ ಬಾಕಿ.

ನಾಲ್ಕೂವರೆ! ನಮ್ಮ 5ಕೆ ಓಟ ಇರೋದೇ ಹತ್ತಿರ ಹತ್ತಿರ ಅಷ್ಟು.

ಚಿನ್ನ ಯಾರಿಗೆ ಅಂತ ತೀರ್ಮಾನ ಆಗಿಹೋಗಿದೆ. ಬೆಳ್ಳಿ, ಕಂಚೂ ಹೋಗಿದೆ. ಊರು ಸಾವಿರಾರು ಮೈಲಿ ದೂರ. ಆದರೂ ಆ ಕೊನೆಯ ದೂರವನ್ನು ಅವರು ಓಡಿದರು. ಒಲಿಂಪಿಕ್ ಮ್ಯಾರಥಾನಿನ ಪಟ್ಟಿಯಲ್ಲಿ ಆ ವರ್ಷ ಭಾರತದ ಹೆಸರಿನ ಮುಂದೆ ಒಂದು ಸ್ಥಾನ ಇರೋದು ಆ ನಾಲ್ಕೂವರೆ ಕಿಲೋಮೀಟರಿನಿಂದ.

5/8
ಅದೇ ಓಟದಲ್ಲಿ ಚೌಗುಲೆಗಿಂತ ಮೂರು ಸ್ಥಾನ ಮುಂದೆ, 16ನೆಯವರಾಗಿ ಬಂದವರು ಜಪಾನಿನ ಶಿಜೊ ಕನಕುರಿ. ಇವರ ಕಥೆ ಕೇಳಿದ್ರೆ ನನ್ನ ಶೂ ಬಿಚ್ಚಿಟ್ಟ ಕಥೆ ಏನೂ ಅಲ್ಲ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಸುಡು ಬಿಸಿಲು. ಕನಕುರಿ ಅರ್ಧಕ್ಕಿಂತ ಹೆಚ್ಚು ಓಡಿ, ದಾರಿಯಲ್ಲಿದ್ದ ಒಂದು ಮನೆಯವರ ಹತ್ತಿರ ಸುಧಾರಿಸಿಕೊಂಡು, ಅಧಿಕಾರಿಗಳಿಗೆ ಹೇಳದೇನೇ ಸುಮ್ಮನೆ ಊರಿಗೆ ಹೊರಟುಬಿಟ್ಟರು. ಲೆಕ್ಕದಲ್ಲಿ ಅವರು ನಾಪತ್ತೆ! ಆದರೆ ಓಟ ಬಿಡಲಿಲ್ಲ. 1920ರಲ್ಲಿ ಹಕೊನೆ ಎಕಿದೆನ್ ಅನ್ನೋ ವಿದ್ಯಾರ್ಥಿಗಳ ದೂರದ ರಿಲೇ ಶುರುವಾಗಲು ಅವರೂ ಕಾರಣ. ಎಕಿದೆನ್ ಅನ್ನೋ ಹೆಸರು ಬಂದಿದ್ದು ಜಪಾನಿನ ಹಳೆಯ ಅಂಚೆ ತಂಗುದಾಣಗಳ ವ್ಯವಸ್ಥೆಯಿಂದ. ನಮ್ಮ ಮೈಸೂರು ಅಂಚೆ ನೆನಪಾಯ್ತಾ?

1967ರಲ್ಲಿ ಸ್ವೀಡನ್ನಿನವರು 75 ವರ್ಷದ ಕನಕುರಿಯವರನ್ನು ಕರೆಸಿ, ಉಳಿದ ಓಟ ಮುಗಿಸಿ ಅಂದರು. ಅವರು ಗೆರೆ ದಾಟಿದರು. ಸಮಯ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡ್. ಪ್ರಪಂಚದ ಅತಿ ನಿಧಾನದ ಮ್ಯಾರಥಾನ್.

6/8
ಇದು ಹುಡುಗಿಯರಿಗೆ. ಹುಡುಗರೂ ಓದಿ.

ನಾಲೆ ಏರಿ ಮೇಲೆ ಬೆಳಗ್ಗೆ ಒಬ್ಬಳೇ ಓಡಿದ್ರೆ ಬೈಕ್ ನಿಧಾನ ಮಾಡಿ ನೋಡುವವರು ಇದ್ದಾರೆ. "ಯಾಕಮ್ಮ, ನಾಯಿ ಅಟ್ಟಿಸಿಕೊಂಡು ಬಂತಾ?" ಅನ್ನುವವರೂ ಇದ್ದಾರೆ.

1967ರಲ್ಲೇ ಬಾಸ್ಟನ್ ಮ್ಯಾರಥಾನಿನಲ್ಲಿ 20 ವರ್ಷದ ಕಾಲೇಜು ವಿದ್ಯಾರ್ಥಿನಿ ಕ್ಯಾಥರೀನ್ ಸ್ವಿಟ್ಜರ್ 261ನೇ ನಂಬರ್ ಕಟ್ಟಿಕೊಂಡು ಓಡುತ್ತಿದ್ದರು. ಹೆಂಗಸರಿಗೆ ಇದು ಆಗದು ಅನ್ನುತ್ತಿದ್ದ ಕಾಲ. ಓಟದ ಅಧಿಕಾರಿಯೊಬ್ಬರು ಓಡಿಬಂದು ಆ ನಂಬರನ್ನೇ ಕೀಳೋಕೆ ನೋಡಿದರು. ಅವರು ನಿಲ್ಲಲಿಲ್ಲ. ಮುಗಿಸಲು 4 ಗಂಟೆಗಿಂತ ಜಾಸ್ತಿ ಬೇಕಾಯಿತು. ಬಾಸ್ಟನ್ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ, ಒಲಿಂಪಿಕ್ಸಿನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಅವತ್ತು ಬೇಕಾಗಿದ್ದದ್ದು ವೇಗ ಅಲ್ಲ, ಪೂರ್ತಿ ಮುಗಿಸೋದು.

7/8
ಸರಿ, ನಮ್ಮಂಥವರು ತಯಾರಿ ಹೇಗೆ ಮಾಡೋದು? ಅದಕ್ಕೂ ಇತಿಹಾಸ ಇದೆ.

1960ರ ದಶಕದ ಶುರುವಿನಲ್ಲಿ ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯರ್ಡ್ ಸಾಮಾನ್ಯ ಜನರನ್ನೂ ವಯಸ್ಸಾದವರನ್ನೂ ಮೆಲ್ಲಗೆ ಓಡಿಸುತ್ತಿದ್ದರು. ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗ. 1962ರ ಕೊನೆಯಲ್ಲಿ ಅದನ್ನು ನೋಡಲು ಹೋದ ಅಮೆರಿಕದ ದೊಡ್ಡ ಕೋಚ್ ಬಿಲ್ ಬೋವರ್‌ಮನ್, ಎಪ್ಪತ್ತು ದಾಟಿದ ಅಜ್ಜನೊಬ್ಬನ ಸಮಕ್ಕೆ ಓಡಲಾಗದೆ ಹಿಂದೆ ಉಳಿದರು. ಊರಿಗೆ ಹೋಗಿ ಅವರೂ ಜಾಗಿಂಗ್ ಕಲಿಸಿದರು. 1974ರಲ್ಲಿ ಜೆಫ್ ಗ್ಯಾಲೊವೇ ಅನ್ನೋ ಒಲಿಂಪಿಕ್ ಓಟಗಾರ ಹೊಸಬರ ಕ್ಲಾಸಿನಲ್ಲಿ ಸ್ವಲ್ಪ ಓಟ, ಸ್ವಲ್ಪ ನಡಿಗೆ ಅನ್ನೋ ದಾರಿ ಹಿಡಿದರು.

ನಾನು ಮಾಡ್ತಿರೋದೂ ಇದೇ. ವಾರಕ್ಕೆ ಮೂರು ದಿನ, ಬಿಸಿಲು ಏರುವ ಮೊದಲು. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮಾತಾಡೋಕೆ ಆಗ್ತಿಲ್ಲ ಅಂದ್ರೆ ವೇಗ ಜಾಸ್ತಿಯಾಯ್ತು ಅಂತ ಅರ್ಥ. ಮೊದಲ ವಾರ 2 ಕಿ.ಮೀ.ಗೇ ಸುಸ್ತು. ಈಗ ಎಂಟನೇ ವಾರ, 4.5 ಆಗ್ತಿದೆ. ಹೌದು, ಅದೇ ನಾಲ್ಕೂವರೆ 🙂 ತಲೆ ಸುತ್ತಿದ್ರೆ, ಎದೆ ನೋವು ಬಂದ್ರೆ ನಿಂತುಬಿಡಿ, ಡಾಕ್ಟರಿಗೆ ತೋರಿಸಿ. ಅಲ್ಲಿ ಹಠ ಬೇಡ.

8/8
ಮುಂದಿನ ಭಾನುವಾರ ಓಟ. ನಾನು ಲಾಸ್ಟ್ ಬರಬಹುದು. ನಾನು ಇನ್ನೂ ದಾರಿಯಲ್ಲಿರುವಾಗಲೇ ಬಹುಮಾನ ಕೊಟ್ಟು, ಶಾಮಿಯಾನ ಬಿಚ್ಚೋಕೆ ಶುರು ಮಾಡಿರಬಹುದು.

ನಿಮ್ಮ ಹತ್ತಿರ ಒಂದೇ ಕೇಳಿಕೊಳ್ಳೋದು. ನೋಡೋಕೆ ಬಂದವರು ಫಸ್ಟ್ ಬಂದವರ ಫೋಟೊ ತೆಗೆದು ಹೊರಟುಬಿಡಬೇಡಿ, ಅರ್ಧ ಗಂಟೆ ಕಾಯಿರಿ. ಹಿಂದೆ ಬರುವವರಿಗೂ ಒಂದು ಚಪ್ಪಾಳೆ ಹೊಡೀರಿ, ಈ ಸಲ ಸರಿಯಾದ ಚಪ್ಪಾಳೆ. ಹೆಸರು ಕೊಟ್ಟು ಹೆದರಿಕೊಂಡು ಕೂತಿರೋರು ಮೆಸೇಜ್ ಮಾಡಿ. ಹಿಂದಿನ ಸಾಲಿನಲ್ಲಿ ಜಾಗ ಇದೆ, ಮಾತಾಡ್ತಾ ಓಡೋಣ.

ಶೂ ಬಾಗಿಲ ಹತ್ತಿರ ಇಟ್ಟಿದ್ದೀನಿ.

#ಕೆಆರ್‌ನಗರ #ನಿಧಾನದಓಟ #ಓಟದಇತಿಹಾಸ