ಕ್ಲೀನರ್ ಸೀಟಿನಿಂದ ಸ್ಟೇರಿಂಗಿಗೆ

ಪುಣೆ–ಬೆಂಗಳೂರು ಹೆದ್ದಾರಿಯ ಹಿರಿಯೂರಿನಲ್ಲಿ ಅಪ್ಪ ಡ್ರೈವಿಂಗ್ ಕಲಿತದ್ದು ಲಾರಿ ಕ್ಲೀನರ್ ಆಗಿ. ವರ್ಷಗಟ್ಟಲೆ ಗಾಡಿ ತೊಳೆದು, ಟಯರ್ ಬಿಚ್ಚಿ, ರಾತ್ರಿಯಿಡೀ ಡ್ರೈವರ್ ಪಕ್ಕ ಎಚ್ಚರವಿದ್ದ ಮೇಲೆಯೇ ಸ್ಟೇರಿಂಗ್. ಆ ನಿಧಾನವೇ ಭಯ ಬಿಡಿಸುತ್ತಿತ್ತು.

1989ರ ಜುಲೈ 1ರಂದು ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾಯಿತು. ಅದರಡಿಯ ನಿಯಮದಂತೆ ಎಲ್ಎಲ್ (ಕಲಿಕಾ ಲೈಸೆನ್ಸ್) ಸಿಕ್ಕಿ 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ನನಗಿದ್ದದ್ದು ಅಷ್ಟೇ ದಿನ. ಪರೀಕ್ಷೆಗೆಂದು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗಲೇ ಅಂಗೈ ಬೆವರುತ್ತಿತ್ತು. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಹೊರಡಬೇಕು; ಎಂಜಿನ್ ಆಫಾಯಿತು, ಫೇಲಾದೆ.

ಅಪ್ಪ ಬಯ್ಯಲಿಲ್ಲ. “ಹ್ಯಾಂಡ್‌ಬ್ರೇಕ್ ಎಳಿಯವ್ವ, ಕ್ಲಚ್ ಮೆಲ್ಲಗೆ ಬಿಡು, ಗಾಡಿ ನಡುಗಿದ ಮ್ಯಾಲೆ ಬ್ರೇಕ್ ಇಳಿಸು” ಅಂದರು. ಎರಡನೇ ಸಲ ಪಾಸಾದೆ.

ಕಲಿಸುವವರೇ, ಪಕ್ಕದಲ್ಲಿ ಕೂತು ದಯವಿಟ್ಟು ಕೂಗಬೇಡಿ.