ತುಂಬಾದಿಂದ ಶ್ರೀಹರಿಕೋಟದವರೆಗೆ

1963ರ ನವೆಂಬರ್ 21ರ ಸಂಜೆ ತಿರುವನಂತಪುರದ ಸಮೀಪದ ಕಡಲ ತೀರದಿಂದ ಒಂದು ರಾಕೆಟ್ ಮೇಲಕ್ಕೆ ಹಾರಿತು. ನೈಕ್-ಅಪಾಚೆ ಎಂಬ ಆ ರಾಕೆಟ್ ಅಮೆರಿಕದ್ದು. ಅದರೊಳಗಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದ್ದು. ನಮ್ಮದೆಂದು ಹೇಳಿಕೊಳ್ಳಲು ಇದ್ದದ್ದು ನೆಲ ಮತ್ತು ದುಡಿಯುವ ಕೈಗಳು. ಎತ್ತುಯಂತ್ರದ ಹೈಡ್ರಾಲಿಕ್ ವ್ಯವಸ್ಥೆ ಸೋರಿದ್ದರಿಂದ ಕೊನೆಗೆ ತೋಳ್ಬಲದಿಂದಲೇ ರಾಕೆಟನ್ನು ಮೇಲೆತ್ತಬೇಕಾಯಿತೆಂದು ಅಬ್ದುಲ್ ಕಲಾಂ ಬರೆದಿದ್ದಾರೆ.

ಆ ನೆಲವೂ ಸುಮ್ಮನೆ ಸಿಕ್ಕಿದ್ದಲ್ಲ. ತುಂಬಾ ಮೀನುಗಾರರ ಊರು. ತುಂಬೆ ಗಿಡದಿಂದ ಆ ಹೆಸರು ಬಂತೆನ್ನುತ್ತಾರೆ. ಅಲ್ಲಿ ಮೇರಿ ಮಗ್ದಲೇನಳ ಹೆಸರಿನ ಇಗರ್ಜಿಯಿತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಸಮ್ಮತಿಯಿಂದ ಇಗರ್ಜಿಯನ್ನೂ ಸುತ್ತಲ ಜಾಗವನ್ನೂ ವಿಜ್ಞಾನಿಗಳಿಗೆ ಬಿಟ್ಟುಕೊಡಲಾಯಿತು. ಇಗರ್ಜಿ ಕಾರ್ಯಾಗಾರವಾಯಿತು, ಬಿಷಪರ ಮನೆ ಕಚೇರಿಯಾಯಿತು. ಬೇರೆಡೆಗೆ ಹೋದ ಮೀನುಗಾರ ಕುಟುಂಬಗಳ ನೆನಪು ನಮ್ಮ ಬಾಹ್ಯಾಕಾಶ ಚರಿತ್ರೆಯಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆಯುವುದಿಲ್ಲ.

ಅದೇ ಊರೇಕೆ? ಭೂಮಿಯ ಕಾಂತೀಯ ಸಮಭಾಜಕ ರೇಖೆ ತುಂಬಾದ ಬಳಿ ಹಾದುಹೋಗುತ್ತದೆ. ಅಲ್ಲಿ ಸುಮಾರು 100 ಕಿ.ಮೀ. ಎತ್ತರದಲ್ಲಿ ವಾತಾವರಣದೊಳಗೆ ಪ್ರಬಲವಾದ ವಿದ್ಯುತ್ ಪ್ರವಾಹವೊಂದು ಹರಿಯುತ್ತದೆ. ಬಲೂನು ಅಷ್ಟೆತ್ತರಕ್ಕೆ ಏರಲಾರದು, ಉಪಗ್ರಹ ಅಷ್ಟು ಕೆಳಗೆ ನಿಲ್ಲಲಾರದು. ನಡುವಿನ ಈ ಪ್ರದೇಶವನ್ನು ಮುಟ್ಟಲು ಇರುವ ಸಾಧನ ಸೌಂಡಿಂಗ್ ರಾಕೆಟ್ ಒಂದೇ. ನಾವಿಕರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಕಡಲಿನ ಆಳ ನೋಡುತ್ತಿದ್ದರಲ್ಲ, ಅದರಿಂದ ಬಂದ ಹೆಸರು ಇದು. ಈ ರಾಕೆಟ್ ಮೇಲೇರುತ್ತದೆ, ಕೆಲವು ನಿಮಿಷ ಅಳೆಯುತ್ತದೆ, ಕಡಲಿಗೆ ಬೀಳುತ್ತದೆ.

1967ರ ನವೆಂಬರ್ 20ರಂದು ನಮ್ಮದೇ ಆದ ಮೊದಲ ರಾಕೆಟ್ ಆರ್‌ಎಚ್-75 ಹಾರಿತು. ಆರ್‌ಎಚ್ ಎಂದರೆ ರೋಹಿಣಿ, 75 ಎಂದರೆ ಮಿಲಿಮೀಟರುಗಳಲ್ಲಿ ಅದರ ವ್ಯಾಸ. ಮೂರಿಂಚಿನ ಪೈಪು ಎಂದುಕೊಳ್ಳಿ. ಮುಂದೆ 125, 200, 300, 560 ಎಂದು ಗಾತ್ರ ಬೆಳೆಯಿತು. ಹೊರಗಿನಿಂದ ನೋಡಿದವರಿಗೆ ಇವು ಆಟಿಕೆಗಳಂತೆ ಕಂಡಿರಬಹುದು. ಆದರೆ ಘನ ಇಂಧನವನ್ನು ಬಿರುಕಿಲ್ಲದಂತೆ ಎರಕ ಹೊಯ್ಯುವುದು, ಕೊಳವೆ ಸಿಡಿಯದಂತೆ ನೋಡಿಕೊಳ್ಳುವುದು, ಹಂತಗಳನ್ನು ಬೇರ್ಪಡಿಸುವುದು ಇವೆಲ್ಲವನ್ನೂ ಕಲಿತದ್ದು ಈ ಆಟಿಕೆಗಳ ಮೇಲೆಯೇ.

ಇಲ್ಲಿ ಟಿಪ್ಪುವಿನ ಮಾತೂ ಬರುತ್ತದೆ. 1963ರಲ್ಲಿ ಅಮೆರಿಕದ ವಾಲಪ್ಸ್ ದ್ವೀಪಕ್ಕೆ ತರಬೇತಿಗೆ ಹೋದ ಕಲಾಂ, ಟಿಪ್ಪುವಿನ ಸೈನಿಕರು ಬ್ರಿಟಿಷರ ಮೇಲೆ ರಾಕೆಟ್ ಹಾರಿಸುವ ವರ್ಣಚಿತ್ರವನ್ನು ಅಲ್ಲಿನ ಗೋಡೆಯ ಮೇಲೆ ಕಂಡರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಕೋಟೆಯ ಬಾವಿಯೊಂದರಲ್ಲಿ ಆ ಕಾಲದ ಸಾವಿರದಷ್ಟು ರಾಕೆಟುಗಳು ದೊರೆತವು. ಅಭಿಮಾನಪಡುವ ಸಂಗತಿಯೇ. ಆದರೆ ಟಿಪ್ಪುವಿನಿಂದ ಇಸ್ರೋವರೆಗೆ ನೇರ ಗೆರೆ ಎಳೆಯುವುದು ಸರಿಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ವಿದ್ಯೆ ಇಲ್ಲಿ ಕಡಿದುಹೋಯಿತು. ಅದನ್ನು ಮುಂದುವರಿಸಿದವರು ಇಂಗ್ಲೆಂಡಿನ ಕಾಂಗ್ರೀವ್‌ನಂಥವರು. ನಾವು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಮೇಲೆ ಹೋಗಿ ಬೀಳುವುದಕ್ಕೂ ಕಕ್ಷೆಯಲ್ಲಿ ಉಳಿಯುವುದಕ್ಕೂ ಅಗಾಧ ವ್ಯತ್ಯಾಸವಿದೆ. ಉಪಗ್ರಹ ಬೀಳದೆ ಸುತ್ತಬೇಕಾದರೆ ಅದಕ್ಕೆ ಸೆಕೆಂಡಿಗೆ ಸುಮಾರು 8 ಕಿ.ಮೀ. ಅಡ್ಡ ವೇಗ ಬೇಕು. ಈ ಕೆಲಸಕ್ಕೆ ರೂಪುಗೊಂಡ ಎಸ್‌ಎಲ್‌ವಿ-3ರ ಎತ್ತರ ಸುಮಾರು 22 ಮೀಟರ್, ತೂಕ 17 ಟನ್. ನಾಲ್ಕೂ ಹಂತಗಳಲ್ಲಿ ಘನ ಇಂಧನ. ಇಷ್ಟೆಲ್ಲ ಸೇರಿ ಮೇಲಕ್ಕೆ ಒಯ್ಯಬಲ್ಲದ್ದು ಕೇವಲ 40 ಕಿಲೋ, ಅಂದರೆ ಒಂದು ಸಿಮೆಂಟ್ ಚೀಲದಷ್ಟೂ ಅಲ್ಲ!

1979ರ ಆಗಸ್ಟ್ 10ರಂದು ಅದು ಶ್ರೀಹರಿಕೋಟದಿಂದ ಹೊರಟಿತು. ಮೊದಲ ಹಂತ ಸರಿಯಾಗಿಯೇ ಉರಿಯಿತು. ಎರಡನೆಯ ಹಂತದಲ್ಲಿ ರಾಕೆಟ್ ಹತೋಟಿ ತಪ್ಪಿತು. ಹಾರಾಟ 317 ಸೆಕೆಂಡುಗಳಲ್ಲಿ ಮುಗಿದು, ಅವಶೇಷ ಬಂಗಾಳ ಕೊಲ್ಲಿಯ ಪಾಲಾಯಿತು. ತನಿಖೆ ಮಾಡಿದಾಗ ಕಂಡದ್ದು ಧೂಳು! ಆ ಹಂತದ ದಿಕ್ಕನ್ನು ಹಿಡಿತದಲ್ಲಿಡುವ ವ್ಯವಸ್ಥೆಗೆ ನೈಟ್ರಿಕ್ ಆಮ್ಲ ಬೇಕಿತ್ತು. ಕವಾಟದಲ್ಲಿ ಸೇರಿಕೊಂಡ ಕಸದಿಂದ ಅದು ಮುಚ್ಚಿಕೊಳ್ಳದೆ, ಉಡಾವಣೆಗೆ ಮೊದಲೇ ಆಮ್ಲ ಸೋರಿಹೋಗಿತ್ತು.

ಯೋಜನೆಯ ನಿರ್ದೇಶಕರು ಕಲಾಂ. ಪತ್ರಕರ್ತರನ್ನು ಎದುರಿಸಿ ಹೊಣೆ ಹೊತ್ತವರು ಇಸ್ರೋದ ಅಧ್ಯಕ್ಷ ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಆಗ ಅವರೇ ನಿರ್ದೇಶಕರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಮುಂದೆ ಮಾತನಾಡಲು ಧವನ್ ತಮ್ಮನ್ನೇ ಕಳಿಸಿದರೆಂದು ಕಲಾಂ ಮುಂದೆ ಅನೇಕ ಸಭೆಗಳಲ್ಲಿ ಹೇಳುತ್ತಿದ್ದರು.

ಅಲ್ಲಿಂದ ಹಾದಿ ಸುಗಮವಾಯಿತೆಂದಲ್ಲ. 150 ಕಿಲೋ ಹೊರಬೇಕಿದ್ದ ಎಎಸ್‌ಎಲ್‌ವಿ 1987ರಲ್ಲೂ 1988ರಲ್ಲೂ ಸೋತಿತು. ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ 1993ರಲ್ಲಿ ವಿಫಲವಾಯಿತು, ಮರುವರ್ಷ ಗೆದ್ದಿತು. ಅದರ ಎರಡನೆಯ ಹಂತದ ವಿಕಾಸ್ ಎಂಜಿನ್ ಕಲಿತ ಬಗೆ ಸ್ವಾರಸ್ಯಕರವಾಗಿದೆ. 1974ರ ಒಪ್ಪಂದದಂತೆ ನಮ್ಮ ಎಂಜಿನಿಯರುಗಳು ಫ್ರಾನ್ಸಿಗೆ ಹೋಗಿ ಅವರ ವೈಕಿಂಗ್ ಎಂಜಿನ್ನಿಗಾಗಿ ದುಡಿದರು. ವಿದ್ಯೆಗೆ ಹಣದ ಬದಲು ದುಡಿಮೆಯನ್ನೇ ತೆತ್ತರು. ಕ್ರಯೋಜೆನಿಕ್ ಎಂಜಿನ್ನಿನ ವಿಷಯದಲ್ಲಿ ಅಂಥ ಅದೃಷ್ಟವಿರಲಿಲ್ಲ. ಅಮೆರಿಕದ ಒತ್ತಡಕ್ಕೆ ಮಣಿದು 1993ರಲ್ಲಿ ರಷ್ಯ ತಂತ್ರಜ್ಞಾನ ಕೊಡದೆ ಹಿಂಜರಿಯಿತು, ಸಿದ್ಧ ಎಂಜಿನ್ನುಗಳನ್ನಷ್ಟೇ ಕೊಟ್ಟಿತು. ಸ್ವದೇಶಿ ಕ್ರಯೋಜೆನಿಕ್ ಹಂತ ಹೊತ್ತ ಜಿಎಸ್‌ಎಲ್‌ವಿ ಗೆದ್ದದ್ದು 2014ರ ಜನವರಿ 5ರಂದು, ಎರಡು ದಶಕಗಳ ಬಳಿಕ.

ತುಂಬಾದ ಇಗರ್ಜಿ ಈಗ ವಸ್ತುಸಂಗ್ರಹಾಲಯ. ಸಣ್ಣ ರಾಕೆಟುಗಳು ಮಾತ್ರ ನಿವೃತ್ತಿ ಹೊಂದಲಿಲ್ಲ. 2022ರ ನವೆಂಬರ್ 23ರಂದು ಆರ್‌ಎಚ್-200 ತನ್ನ ಸತತ 200ನೆಯ ಯಶಸ್ವಿ ಹಾರಾಟವನ್ನು ಅದೇ ಕಡಲ ತೀರದಿಂದ ನಡೆಸಿತು.